ಹುಬ್ಬಿನ ಅಳತೆ

ಫೆಬ್ರವರಿ ೨೩

ಗುಂಡೂ,

ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೆಯ ಸಲಕ್ಕೆ ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದೀಯ ಅಂತ ಹೊಳೆಯಿತು. ಆಗಲಿ ತಾಯಿ. ಕಾಗದವನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಹರಿದು ಹಾಕುವುದಿದ್ದರೆ ಓದಿ ಹರಿದು ಹಾಕು.

ಅಮ್ಮ ಹೋಗಿ ಇವತ್ತಿಗೆ ಹನ್ನೆರಡು ದಿನ. ಅದರಲ್ಲಿ ಒಂಬತ್ತು ದಿನ ನಾನು ನಿನ್ನ ಜೊತೆ ಒಂದೇ ಮನೆಯಲ್ಲಿದ್ದೆ. ಒಟ್ಟಿಗೆ ಅತ್ತೆವು, ಒಟ್ಟಿಗೆ ಅಮ್ಮನ ಕಪಾಟು ಖಾಲಿ ಮಾಡಿದೆವು, ಅವಳ ಕನ್ನಡಕ ಯಾರಿಗೆ ಅಂತ ಜಗಳವನ್ನೂ ಆಡಿದೆವು. ಆಗೆಲ್ಲ ತುಟಿ ಬಿಚ್ಚದವಳು, ನನ್ನ ರೈಲು ಹೊರಡಲು ಎರಡು ನಿಮಿಷ ಇದೆ ಅನ್ನುವಾಗ ಕಿಟಕಿಯ ಹತ್ತಿರ ಬಂದು, "ಅದು ಅಲರ್ಜಿ ಅಲ್ಲ ಅಕ್ಕ, ದಡಾರ. ನಿನಗೂ ಗೊತ್ತು, ನನಗೂ ಗೊತ್ತು" ಅಂದು ಬೆನ್ನು ತಿರುಗಿಸಿ ನಡೆದುಬಿಟ್ಟೆ. ಎರಡು ದಿನದ ಪ್ರಯಾಣ ಪೂರ್ತಿ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಇನ್ನೊಂದು ಸಲ ಹೇಳುತ್ತೇನೆ, ಕಿವಿ ಕೊಟ್ಟು ಕೇಳು. ನಮ್ಮ ರಂಗಮಂದಿರಕ್ಕೆ ಗಡ್ಡ ಮೀಸೆ ಅಂಟಿಸುವ ಹೊಸ ಗೋಂದು ಬಂದಿದೆ. ಯಾವ ನಟನ ಮುಖಕ್ಕೆ ಏನು ಹಚ್ಚುವ ಮುಂಚೆಯೂ ನನ್ನ ಚರ್ಮಕ್ಕೆ ಹಚ್ಚಿ ನೋಡುತ್ತೇನೆ. ಮೇಕಪ್ಪಿನವಳ ಮೊದಲ ಪಾಠ ಅದು ಅಂತ ಅಮ್ಮನೇ ಕಲಿಸಿದ್ದು. ಹಚ್ಚಿದೆ, ಕೆಂಪಾಯಿತು, ಜ್ವರ ಬಂತು, ಹೋಯಿತು. ಮುಗಿಯಿತು ಕಥೆ.

ಅಷ್ಟಕ್ಕೂ ನನ್ನನ್ನು ಕರೆದವರು ಯಾರು? ನೀನೇ ತಾನೆ ಫೋನಿನಲ್ಲಿ ಅಂದಿದ್ದು, "ಅಕ್ಕಾ, ಅಮ್ಮ ನಿನ್ನನ್ನೇ ಕೇಳ್ತಿದಾಳೆ. ಡಾಕ್ಟರು ಎರಡು ದಿನ ಅಂದಿದಾರೆ." ಅಮ್ಮ ಕೇಳಿದ ಮೇಲೆ ನಾನು ಮನೆಯಲ್ಲಿ ಕೂತು ಗೋಡೆ ನೋಡಬೇಕಿತ್ತಾ? ಬಂದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಒಂದೂವರೆ ದಿನ ಅವಳ ಕೈ ನನ್ನ ಕೈಯಲ್ಲಿತ್ತು. ಕೊನೆಗೆ ಅವಳ ಮುಖಕ್ಕೆ ಪೌಡರ್ ಹಚ್ಚಿದ್ದು ನಾನು, ಬೇರೆ ಯಾರ ಕೈಯೂ ಬೀಳಲಿಲ್ಲ. ಅದಕ್ಕಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ, ನಿನ್ನ ಮುಂದೆಯಂತೂ ಇಲ್ಲವೇ ಇಲ್ಲ.

ಊಟ ಮಾಡುತ್ತಿದ್ದೀಯಾ? ಬರೆ.

ಅಕ್ಕ


ಫೆಬ್ರವರಿ ೨೮

ಅಕ್ಕ,

ಗೋಂದಿನ ಅಲರ್ಜಿ ಗೋಂದು ಹಚ್ಚಿದ ಕಡೆ ಬರುತ್ತದೆ. ಕಿವಿಯ ಹಿಂದೆ ಶುರುವಾಗಿ ಕುತ್ತಿಗೆಗೆ ಇಳಿದು ಎದೆಗೆ ಹರಡುವುದಿಲ್ಲ. ನೀನು ಬಂದ ಸಾಯಂಕಾಲ ಮುಖ ತೊಳೆದು ಬಚ್ಚಲಿನಿಂದ ಹೊರಗೆ ಬಂದೆಯಲ್ಲ, ಆಗಲೇ ನೋಡಿದೆ. ಕಣ್ಣು ಕೆಂಪಗೆ, ಮೂಗಿನಲ್ಲಿ ನೀರು, ಟವೆಲ್ಲಿನ ತುಂಬ ಹಸಿರು ಬಣ್ಣ. ಮಂಚದ ಮೇಲೆ ಅಮ್ಮ ಇದ್ದಳು. ಆವಾಗ ಬಾಯಿ ತೆಗೆಯುವುದು ನನ್ನಿಂದ ಆಗಲಿಲ್ಲ.

ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು, ಡಾಕ್ಟರಲ್ಲ ಅಂತ ನೀನು ಮೂಗು ಮುರಿಯುತ್ತೀಯ, ಗೊತ್ತು. ಆದರೆ ದಡಾರ ನನ್ನ ಮೈಮೇಲೆ ಬಂದು ಹೋದದ್ದು. ಆಗ ನನಗೆ ಆರು ವರ್ಷ, ನಿನಗೆ ಹತ್ತು. ಅಮ್ಮ ನಿನ್ನನ್ನು ಅದೇ ದಿನ ದೊಡ್ಡಮ್ಮನ ಮನೆಗೆ ಕಳಿಸಿದಳು. ಒಂದು ತಿಂಗಳು ನಿನ್ನ ಮುಖ ನೋಡಲಿಲ್ಲ. ನೀನು ಅಲ್ಲಿ ಅನ್ನ ಬಿಟ್ಟು ಅತ್ತರೂ ಅವಳು ಕರಗಲಿಲ್ಲ. ಅದಕ್ಕೇ ನಿನಗೆ ಆಗ ಬರಲಿಲ್ಲ, ಈಗ ಬಂತು. ಅಂಥ ಅಮ್ಮನ ಹೆಸರು ಹೇಳಿಕೊಂಡು ನೀನು ಮಾಡಿದ್ದನ್ನು ಸಮರ್ಥಿಸಬೇಡ.

ದಡಾರ ಇದ್ದವರು ಎದ್ದು ಹೋದ ಮೇಲೂ ಎರಡು ಗಂಟೆ ಅದು ಆ ಗಾಳಿಯಲ್ಲೇ ಇರುತ್ತದೆ. ನೀನು ಬಂದ ವಿಮಾನದಲ್ಲಿ ನೂರೈವತ್ತು ಜನವಾದರೂ ಇದ್ದಿರಬೇಕು. ಅವರಲ್ಲಿ ಲಸಿಕೆ ಹಾಕುವ ವಯಸ್ಸಾಗದ ಕೂಸು ಎಷ್ಟು, ಬಸುರಿಯರು ಎಷ್ಟು, ನಿನಗೆ ಗೊತ್ತಾ? ನನಗೂ ಗೊತ್ತಿಲ್ಲ. ಹತ್ತಿದವಳು ನೀನು, ಲೆಕ್ಕ ಹಾಕುತ್ತಾ ಮಲಗುವವಳು ನಾನು.

ನನಗೆ ಸಿಟ್ಟು ಬಂದಿದೆ ಅಕ್ಕ. ಸುತ್ತುಬಳಸಿ ಹೇಳಲು ಬರುವುದಿಲ್ಲ. ಫೋನಿನಲ್ಲಿ ನೀನು ಕೂಗುತ್ತೀಯ, ನಾನು ಅಳುತ್ತೇನೆ, ಮಾತು ಅಲ್ಲೇ ಸಾಯುತ್ತದೆ. ಕಾಗದವೇ ಇರಲಿ.

ಊಟ ಮಾಡುತ್ತಿದ್ದೇನೆ.

ತಂಗಿ


ಮಾರ್ಚ್ ೪

ಗುಂಡೂ,

ಹೌದು, ದಡಾರ. ಆಯಿತಾ ಸಮಾಧಾನ?

ಹೊರಟ ದಿನ ಬೆಳಿಗ್ಗೆಯೇ ನಮ್ಮ ಕಟ್ಟಡದ ಕೆಳಗಿನ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, "ಐದು ದಿನ ಮನೆ ಬಿಟ್ಟು ಕದಲಬೇಡಿ. ಅಂಗಡಿಗೂ ಬೇಡ, ರಂಗಮಂದಿರಕ್ಕೂ ಬೇಡ" ಅಂದರು. "ಆಯ್ತು ಡಾಕ್ಟ್ರೇ" ಅಂದೆ. ಆ ಕ್ಷಣಕ್ಕೆ ಅದು ನಿಜವಾದ ಮಾತೇ. ಮೆಟ್ಟಿಲು ಹತ್ತುತ್ತಿರುವಾಗ ನಿನ್ನ ಫೋನ್ ಬಂತು. ಅಮ್ಮ ನಿನ್ನನ್ನೇ ಕೇಳ್ತಿದಾಳೆ ಅಂದೆ. ರೈಲಿಗೆ ಎರಡು ದಿನ, ಅಮ್ಮನಿಗೂ ಎರಡು ದಿನ. ನೀನು ಗಣಿತದಲ್ಲಿ ಜಾಣೆ, ನೀನೇ ಹೇಳು, ನಾನು ಏನು ಮಾಡಬೇಕಿತ್ತು?

ಮುಖ ಮಾಡಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು. ಕೆಂಪಿನ ಮೇಲೆ ನೇರವಾಗಿ ಚರ್ಮದ ಬಣ್ಣ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮೊದಲು ತೆಳ್ಳಗೆ ಹಸಿರು ಹಚ್ಚಬೇಕು, ಅದು ಕೆಂಪನ್ನು ನುಂಗುತ್ತದೆ. ಆಮೇಲೆ ಚರ್ಮದ ಬಣ್ಣ, ಆಮೇಲೆ ಪೌಡರ್. ಕುತ್ತಿಗೆಗೂ ಹಚ್ಚಿದೆ, ಕಿವಿಯ ಹಿಂದೆ ಕೈ ಸಾಲದೆ ಹೋಯಿತು, ಅದೊಂದೇ ತಪ್ಪಿದ್ದು. ತುಂಬು ತೋಳಿನ ಅಂಗಿ, ಕಪ್ಪು ಕನ್ನಡಕ, ಜ್ವರಕ್ಕೆ ಎರಡು ಮಾತ್ರೆ. ವಿಮಾನ ಹತ್ತಿಸುವ ಗೇಟಿನಲ್ಲಿದ್ದ ಹುಡುಗಿ ನನ್ನ ಟಿಕೆಟ್ ನೋಡಿದಳು, ಮುಖ ನೋಡಿದಳು, "ಮೇಡಂ, ನಿಮ್ಮ ಸ್ಕಿನ್ ಎಷ್ಟು ಚೆನ್ನಾಗಿದೆ" ಅಂದಳು. ಮೂವತ್ತು ವರ್ಷದ ಕಸುಬಿನಲ್ಲಿ ಅಂಥ ಹೊಗಳಿಕೆ ಸಿಕ್ಕಿದ್ದಿಲ್ಲ. ಮಾಸ್ಕ್ ಯಾಕೆ ಹಾಕಲಿಲ್ಲ ಅಂತ ಕೇಳುತ್ತೀಯ, ನಿನ್ನನ್ನು ನಾನು ಬಲ್ಲೆ. ಕೆಮ್ಮುತ್ತಾ ಮಾಸ್ಕ್ ಹಾಕಿದವಳನ್ನು ಗೇಟಿನಲ್ಲಿ ಪಕ್ಕಕ್ಕೆ ಕರೆದು ವಿಚಾರಿಸುತ್ತಾರೆ. ಅಲ್ಲದೆ ಅದು ಮೂಗಿನ ಮೇಲಿನ ಬಣ್ಣ ತಿಂದುಬಿಡುತ್ತದೆ.

ಈಗ ನನ್ನ ಮಾತು ಕೇಳು. ಆ ವಿಮಾನದಲ್ಲಿ ಕೆಮ್ಮುತ್ತಿದ್ದವರು ನಾನೊಬ್ಬಳೇನಾ? ಹಿಂದಿನ ಸಾಲಿನ ಕೋಟಿನವರು ಸೀನಿ ಸೀನಿ ಕರವಸ್ತ್ರ ಹಿಂಡುವ ಹಾಗೆ ಮಾಡಿಕೊಂಡಿದ್ದರು. ಅವರು ಹೋಗುತ್ತಿದ್ದುದು ಒಂದು ಮೀಟಿಂಗಿಗೆ. ಹೋದ ವರ್ಷ ನೂರೆರಡು ಜ್ವರದಲ್ಲಿ ನಾನು ಹದಿನಾರು ಮುಖ ಮಾಡಿದೆ, ನಮ್ಮ ಮ್ಯಾನೇಜರು "ಪ್ರದರ್ಶನ ನಿಲ್ಲಿಸೋಕಾಗುತ್ತಾ" ಅಂದರು, ಆಗ ಯಾರೂ ಗಾಳಿಯ ಲೆಕ್ಕ ಹೇಳಲಿಲ್ಲ. ಮೀಟಿಂಗಿಗೆ ಹೋಗಬಹುದು, ಪ್ರದರ್ಶನಕ್ಕೆ ಹೋಗಬಹುದು, ಸಾಯುತ್ತಿರುವ ಅಮ್ಮನ ಹತ್ತಿರ ಹೋಗುವವಳು ಮಾತ್ರ ಅಪರಾಧಿಯಾ? ಇನ್ನೊಂದು ಸಲ ಅಂಥ ದಿನ ಬಂದರೆ ಇನ್ನೊಂದು ಸಲ ಹತ್ತುತ್ತೇನೆ. ಹೋಗಿ ಬೇಕಾದವರಿಗೆ ಹೇಳಿಕೋ.

ನಾನೇನು ಕಲ್ಲೆದೆಯವಳಲ್ಲ ಅಂತ ನಿನಗೆ ಗೊತ್ತಾಗಲಿ ಅಂತ ಇನ್ನೊಂದು ಹೇಳುತ್ತೇನೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಗಣಿತದ ಟೀಚರ್ ಇದ್ದರು, ನಮ್ಮ ವಯಸ್ಸಿನವರೇ. ತಲೆಗೆ ಬಿಗಿಯಾಗಿ ಸ್ಕಾರ್ಫ್, ಹುಬ್ಬಿನಲ್ಲಿ ಒಂದು ಕೂದಲಿಲ್ಲ. ನಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಒಂದು ಸುತ್ತಿನ ಔಷಧಿ ಮುಗಿಸಿ ನಿಮ್ಮ ಊರಿಗೆ ವಾಪಸ್ ಹೊರಟಿದ್ದರು. ಪರೀಕ್ಷೆಗೆ ಮುಂಚೆ ತಮ್ಮ ಕ್ಲಾಸಿನ ಮಕ್ಕಳನ್ನು ಒಮ್ಮೆ ನೋಡಬೇಕಂತೆ. "ಈ ಮುಖ ನೋಡಿದ್ರೆ ಬೋರ್ಡ್ ಮೇಲೆ ಬರೆದ ಸೊನ್ನೆ ಥರ ಇದೆ, ಮಕ್ಕಳು ಹೆದರ್ತಾರೋ ನಗ್ತಾರೋ" ಅಂದರು. ನನ್ನ ಕೈ ಸುಮ್ಮನಿರಲಿಲ್ಲ. "ಹುಬ್ಬು ಬರೀಲಾ?" ಅಂತ ಕೇಳಿದೆ. ಪೆನ್ಸಿಲ್ಲನ್ನು ಮೂಗಿನ ಹೊಳ್ಳೆಯಿಂದ ಕಣ್ಣಿನ ಒಳಮೂಲೆಗೆ ಹಿಡಿದರೆ ಹುಬ್ಬು ಶುರುವಾಗುವ ಜಾಗ, ಹೊರಮೂಲೆಗೆ ಹಿಡಿದರೆ ಮುಗಿಯುವ ಜಾಗ. ಅಳತೆ ತೆಗೆದು, ಒಂದೊಂದೇ ಕೂದಲು ಎಳೆದ ಹಾಗೆ ಬರೆದೆ. ಹದಿನೈದು ನಿಮಿಷ. ಕನ್ನಡಿ ಕೊಟ್ಟಾಗ ಅವರು ನನ್ನ ಕೈ ಹಿಡಿದು ಕೂತರು. ಇಳಿಯುವವರೆಗೂ ಬಿಡಲಿಲ್ಲ.

ಜ್ವರದಲ್ಲಿ ಅಷ್ಟು ಮಾಡಿದವಳನ್ನು ನೀನು ಸ್ವಾರ್ಥಿ ಅಂತ ಕರೆ, ಪರವಾಗಿಲ್ಲ.

ಅಕ್ಕ


ಮಾರ್ಚ್ ೮

ಅಕ್ಕ,

ನಿನ್ನ ಕಾಗದ ಮೂರು ಸಲ ಓದಿದೆ. ಬೇರೆ ಯಾವುದಕ್ಕೂ ಉತ್ತರ ಬರೆಯುವುದಿಲ್ಲ. ಎರಡೇ ಪ್ರಶ್ನೆ.

ಅವರ ಕೂದಲು ಯಾಕೆ ಉದುರಿತ್ತು? ಆ ಔಷಧಿ ಮೈಯಲ್ಲಿರುವಾಗ ರೋಗದ ಜೊತೆ ಗುದ್ದಾಡುವ ಶಕ್ತಿಯೂ ಇರುವುದಿಲ್ಲ, ಇದು ನಿನಗೆ ಗೊತ್ತಿರಲಿಲ್ಲವಾ?

ಅಂಥ ಚಿಕಿತ್ಸೆಯಲ್ಲಿರುವವರು ಮಾಸ್ಕ್ ಇಲ್ಲದೆ ವಿಮಾನ ಹತ್ತುವುದಿಲ್ಲ, ಆಸ್ಪತ್ರೆಯವರೇ ಹಾಕಿ ಕಳಿಸುತ್ತಾರೆ. ಮೂಗಿನ ಹೊಳ್ಳೆಯಿಂದ ಅಳತೆ ತೆಗೆದೆ ಅಂತ ಬರೆದಿದ್ದೀಯ. ಅವರ ಮಾಸ್ಕ್ ಎಲ್ಲಿ ಹೋಗಿತ್ತು?

ತಂಗಿ


ಮಾರ್ಚ್ ೧೩

ಗುಂಡೂ,

ನಿನ್ನ ಕಾಗದ ಹತ್ತನೆಯ ತಾರೀಖು ಬಂತು. ಮಡಿಸಿ ಬ್ರಷ್ಷಿನ ಡಬ್ಬಿಯ ಕೆಳಗೆ ಇಟ್ಟೆ. ಉತ್ತರ ಬರೆಯುವ ಮನಸ್ಸಿರಲಿಲ್ಲ, ನಿನ್ನದು ವಕೀಲರ ಬುದ್ಧಿ ಅಂತ ಬೈದುಕೊಂಡೆ. ಹನ್ನೊಂದನೆಯ ತಾರೀಖು ಆರೋಗ್ಯ ಇಲಾಖೆಯಿಂದ ಫೋನ್ ಬಂತು.

ಚಿಕ್ಕ ಹುಡುಗಿಯ ಧ್ವನಿ, ಬಹಳ ಮರ್ಯಾದೆಯ ಮಾತು. "ಮೇಡಂ, ಫೆಬ್ರವರಿ ಒಂಬತ್ತನೇ ತಾರೀಖಿನ ವಿಮಾನದಲ್ಲಿ ನಿಮ್ಮ ಪಕ್ಕ ಕೂತಿದ್ದವರಿಗೆ ದಡಾರ ಆಗಿದೆ. ನ್ಯುಮೋನಿಯಾಕ್ಕೆ ತಿರುಗಿದೆ, ಆಸ್ಪತ್ರೆಯಲ್ಲಿದಾರೆ. ನಿಮಗೇನಾದರೂ ಜ್ವರ, ಮೈಮೇಲೆ ಕೆಂಪು ಬಂದಿದೆಯಾ?" ನಾನು, "ಇಲ್ಲಮ್ಮ" ಅಂದೆ. ಬಾಯಿಂದ ತಾನಾಗಿ ಬಂತು. "ಅಕ್ಕಪಕ್ಕದಲ್ಲಿ ಯಾರಾದರೂ ಕಾಯಿಲೆ ಇದ್ದವರ ಥರ ಕಂಡಿದ್ರಾ?" "ಇಲ್ಲ, ಎಲ್ಲರೂ ಚೆನ್ನಾಗಿದ್ರು."

ಅಲ್ಲಿಗೆ ಫೋನ್ ಇಡುತ್ತಾಳೆ ಅಂದುಕೊಂಡೆ. ಅವಳು, "ಅಬ್ಬ, ಒಳ್ಳೇದಾಯ್ತು ಮೇಡಂ. ಅವರು ನಿಮ್ಮದೇ ಚಿಂತೆಯಲ್ಲಿದಾರೆ. ಮಾತಾಡೋಕೆ ಉಸಿರಿಲ್ಲ, ಸ್ಲೇಟಿನ ಮೇಲೆ ಬರೆದು ತೋರಿಸಿದ್ರಂತೆ. ಆಸ್ಪತ್ರೆಯಿಂದ ತಾನೇ ರೋಗ ಹೊತ್ತುಕೊಂಡು ಬಂದು, ಹುಬ್ಬು ಬರೆದುಕೊಟ್ಟ ಪುಣ್ಯಾತ್ಗಿತ್ತಿಗೆ ಅಂಟಿಸಿಬಿಟ್ಟೆನೇನೋ ಅಂತ. ಹಾಗಲ್ಲ ಅಂತ ನಾವು ಎಷ್ಟು ಹೇಳಿದ್ರೂ ಅವರಿಗೆ ಮನಸ್ಸಿಗೆ ಹತ್ತುತ್ತಿಲ್ಲ. ನೀವು ಆರೋಗ್ಯವಾಗಿದೀರಿ ಅಂತ ಹೇಳ್ತೀನಿ" ಅಂದಳು.

ನಾನು ಫೋನ್ ಇಟ್ಟೆ. ಗ್ರೀನ್ ರೂಮಿನಲ್ಲಿ ಅರ್ಧ ಮೀಸೆ ಅಂಟಿಸಿಕೊಂಡ ನಟ "ಅಕ್ಕಾ, ಇನ್ನರ್ಧ" ಅಂತ ಕೂಗುತ್ತಲೇ ಇದ್ದ.

ಮಾಸ್ಕ್ ಎಲ್ಲಿ ಹೋಗಿತ್ತು ಅಂತ ಕೇಳಿದೆಯಲ್ಲ. ನಾನೇ ತೆಗೆಸಿದೆ. "ಮೂಗು ಕಾಣದೆ ಹುಬ್ಬಿನ ಅಳತೆ ಸಿಕ್ಕಲ್ಲ, ಸ್ವಲ್ಪ ಹೊತ್ತು ತೆಗೀರಿ" ಅಂದೆ. ಅವರು ಹಿಂದೆಮುಂದೆ ನೋಡಿದರು. "ನಾನು ದಿನಾ ಮಾಡೋ ಕೆಲಸ, ಬೇಗ ಮುಗಿಸ್ತೀನಿ" ಅಂದೆ. ನನ್ನ ಮಾತಿಗೆ ಕಟ್ಟುಬಿದ್ದು ತೆಗೆದರು. ಅವರ ಮುಖದಿಂದ ನನ್ನ ಮುಖ ಒಂದು ಗೇಣೂ ಇರಲಿಲ್ಲ. ಹಾಗೆ ಹೇಳುವಾಗ ನನಗೆ ನನ್ನ ಜ್ವರ ನೆನಪಿರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ನೆನಪಿತ್ತು. ಉಸಿರು ಬಿಗಿಹಿಡಿದು ಬರೆಯೋಣ ಅಂದುಕೊಂಡೆ, ಎರಡನೇ ಗೆರೆಗೆ ಮರೆತೆ.

ನಾನು ಹೇಳಬೇಕು ಅಂತ ಮಾಡಿದ್ದೇನೆ. ಆ ಹುಡುಗಿಗೆ ಫೋನ್ ಮಾಡಿ, ಆಮೇಲೆ ಆ ಟೀಚರಿಗೆ. ಅವರು ಯಾವ ಆಸ್ಪತ್ರೆ, ಯಾವ ವಾರ್ಡ್ ಅಂತ ನೀನು ವಿಚಾರಿಸು. ನಿಮ್ಮ ಊರೇ.

ಅಕ್ಕ


ಮಾರ್ಚ್ ೧೭

ಅಕ್ಕ,

ಬೇಡ. ಹೇಳಬೇಡ.

ನಾನೇ ಬೈದೆ, ಈಗ ನಾನೇ ತಡೆಯುತ್ತಿದ್ದೇನೆ ಅಂತ ನಗಬೇಡ. ನೀನು ಹೇಳಿದರೆ ಅವರ ನ್ಯುಮೋನಿಯಾ ಹೋಗುವುದಿಲ್ಲ. ಇಲಾಖೆಯವರು ನೀನು ಇಲ್ಲಿ ಯಾರ ಮನೆಯಲ್ಲಿದ್ದೆ ಅಂತ ಕೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಪ್ರತಿ ಸೋಮವಾರ ಒಂದು ಫಾರಂ ತುಂಬಬೇಕು, ಮನೆಯಲ್ಲಿ ಯಾರಿಗಾದರೂ ಸಾಂಕ್ರಾಮಿಕ ರೋಗ ಇದೆಯೇ ಅಂತ. ಅಮ್ಮ ಹೋದ ಮಾರನೆಯ ವಾರ ನಾನು "ಇಲ್ಲ" ಅಂತ ಗುರುತು ಹಾಕಿ ಸಹಿ ಮಾಡಿದೆ. ನೀನು ಒಳಕೋಣೆಯಲ್ಲಿ ಕೆಮ್ಮುತ್ತಿದ್ದೆ. ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆ, ನನ್ನಿಂದ ಯಾರಿಗೂ ಹರಡುವುದಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ದಿನಕ್ಕೆ ಐವತ್ತು ಜನರ ತೋಳು ಹಿಡಿದು ಸೂಜಿ ಚುಚ್ಚಿದೆ. ಫಾರಂ ನನ್ನ ಸಮಾಧಾನ ಕೇಳಿರಲಿಲ್ಲ. ಕೆಲಸ ಹೋದರೆ ಈ ವಯಸ್ಸಿನಲ್ಲಿ ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ?

ಇನ್ನೂ ಒಂದಿದೆ. ಅದನ್ನು ಹೇಳದೆ ಇದಿಷ್ಟೇ ಬರೆದರೆ ನಾನು ನಿನಗಿಂತ ಕಡೆ.

ಅಮ್ಮ ನಿನ್ನನ್ನು ಕೇಳಿರಲಿಲ್ಲ. ಅಮ್ಮ ಏನನ್ನೂ ಕೇಳಿರಲಿಲ್ಲ, ನಾನು ಫೋನ್ ಮಾಡುವುದಕ್ಕೆ ಎರಡು ದಿನ ಮುಂಚೆಯೇ ಮಾತು ನಿಂತಿತ್ತು. ಕೊನೆಯದಾಗಿ ಅಂದದ್ದು, "ಕಿಟಕಿ ಪರದೆ ಸರಿಸು." ಅಷ್ಟೇ. ನನಗೆ ಭಯವಾಯಿತು ಅಕ್ಕ. ಆ ಕೋಣೆಯಲ್ಲಿ ಒಬ್ಬಳೇ ಅವಳ ಉಸಿರು ಕೇಳುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ನನಗೆ ಭಯ, ಬಾ ಅಂದರೆ ನೀನು "ಗಟ್ಟಿಯಾಗಿರು" ಅಂತ ಬುದ್ಧಿ ಹೇಳುತ್ತಿದ್ದೆ. ಅಮ್ಮ ಕೇಳುತ್ತಿದ್ದಾಳೆ ಅಂದರೆ ಬರುತ್ತೀಯ ಅಂತ ಗೊತ್ತಿತ್ತು. ಅವತ್ತು ನಿನ್ನ ಗಂಟಲು ಕಟ್ಟಿದ್ದು ಫೋನಿನಲ್ಲೇ ಕೇಳಿಸಿತು. "ಹುಷಾರಿಲ್ವಾ" ಅಂತ ಬಾಯಿ ತುದಿಗೆ ಬಂತು. ಕೇಳಲಿಲ್ಲ. ಕೇಳಿದರೆ ನೀನು ಬರುವುದಿಲ್ಲವೇನೋ ಅಂತ.

ಈಗ ಬೈ. ಆದರೆ ಹೇಳಬೇಡ.

ತಂಗಿ


ಮಾರ್ಚ್ ೨೧

ಗುಂಡೂ,

ಬೈಯುತ್ತೇನೆ ಅಂತ ಪೆನ್ನು ಹಿಡಿದೆ, ಎರಡು ಹಾಳೆ ಬೈದೂ ಬೈದೆ. ಹರಿದು ಹಾಕಿದ್ದೇನೆ.

ಅಮ್ಮ ಕರೆದಳು ಅನ್ನುವ ಒಂದು ಮಾತಿನ ಮೇಲೆ ನಾನು ಇಷ್ಟು ದಿನ ನಿಂತಿದ್ದೆ. ನೀನು ಅದನ್ನೇ ಎಳೆದುಹಾಕಿದೆ. ಆ ಸಿಟ್ಟಿಗೆ ರಾಜನ ಪಾತ್ರದವನಿಗೆ ಗಡ್ಡ ಓರೆಯಾಗಿ ಅಂಟಿಸಿದೆ. ಆಮೇಲೆ ಯೋಚಿಸಿದೆ, ನೀನು ನಿಜ ಹೇಳಿದ್ದರೂ ಬರುತ್ತಿದ್ದೆನಾ? ಬರುತ್ತಿದ್ದೆ ಕಣೇ. ತಂಗಿ ಹೆದರಿಕೊಂಡಿದ್ದಾಳೆ ಅಂದಿದ್ದರೂ ಅದೇ ಹಸಿರು ಬಣ್ಣ ಹಚ್ಚಿಕೊಂಡು ಅದೇ ವಿಮಾನ ಹತ್ತುತ್ತಿದ್ದೆ. ಆದ್ದರಿಂದ ನೀನು ಇದರಲ್ಲಿ ಪಾಲು ಕೇಳಬೇಡ. ಹತ್ತಿದವಳು ನಾನು.

ಹೇಳಬೇಡ ಅಂದೆ ನೀನು. ನಾನು ನಿನ್ನೆ ಹೇಳಿದೆ. ಇಲಾಖೆಯ ಹುಡುಗಿ, "ಹನ್ನೊಂದನೇ ತಾರೀಖು ಯಾಕೆ ಹೇಳಲಿಲ್ಲ ಮೇಡಂ?" ಅಂದಳು. "ಹೆದರಿಕೆಯಿಂದ" ಅಂದೆ. ಅವಳು ಎಲ್ಲವನ್ನೂ ಬರೆದುಕೊಂಡಳು. ಎಲ್ಲಿ ಉಳಿದಿದ್ದಿರಿ ಅಂತ ಕೇಳಿದಾಗ ನಿನ್ನ ವಿಳಾಸ ಕೊಟ್ಟೆ. ಸುಳ್ಳು ವಿಳಾಸ ಕೊಡಬಹುದಿತ್ತು, ಕೊಡಲಿಲ್ಲ. ನೀನು ನನ್ನ ಮುಖ ನೋಡದಿದ್ದರೂ ಸರಿ, ಇನ್ನು ನನ್ನಿಂದ ಮುಚ್ಚುವ ಕೆಲಸ ಆಗುವುದಿಲ್ಲ. ಅವರು ನಿನ್ನ ಬಾಗಿಲು ತಟ್ಟುವ ಮುಂಚೆ ನೀನೇ ಲ್ಯಾಬಿಗೆ ಹೋಗಿ ಹೇಳು.

ನಮ್ಮ ಮ್ಯಾನೇಜರಿಗೂ ಹೇಳಿದೆ. "ಇದನ್ನೆಲ್ಲ ಯಾಕೆ ಊರಿಗೆ ಸಾರ್ತೀರಿ, ಅಲರ್ಜಿ ಅಂತಲೇ ಇರಲಿ ಬಿಡಿ, ನಟರು ನಿಮ್ಮ ಕೈಗೆ ಮುಖ ಕೊಡಲ್ಲ ಆಮೇಲೆ" ಅಂದರು. ಕೊಡದಿದ್ದರೆ ಬೇಡ ಅಂದೆ. ಇಬ್ಬರು ಈಗಾಗಲೇ ತಾವೇ ಮಾಡಿಕೊಳ್ಳುತ್ತಿದ್ದಾರೆ, ಬೊಂಬೆಗಳ ಹಾಗೆ ಕಾಣುತ್ತಾರೆ, ನಾನು ಸುಮ್ಮನೆ ನೋಡುತ್ತೇನೆ.

ಈ ಲಕೋಟೆಯ ಒಳಗೆ ಇನ್ನೊಂದು ಲಕೋಟೆ ಇದೆ, ಟೀಚರಿಗೆ. ಅಂಟಿಸಿಲ್ಲ. ಓದಬೇಕಾದರೆ ಓದು. ಏನಾಯಿತು ಅಂತ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ. ರೋಗ ತಂದವರು ನೀವಲ್ಲ, ನಾನು. ಇದು ಗೊತ್ತಿದ್ದೇ ನಿಮ್ಮ ಮಾಸ್ಕ್ ತೆಗೆಸಿದೆ ಅಂತ. ಕ್ಷಮಿಸಿ ಅಂತ ಮಾತ್ರ ಬರೆದಿಲ್ಲ. ಕೇಳಿದರೆ, ಕೊಡುವ ಕಷ್ಟವೂ ಅವರ ತಲೆಗೇ ಬರುತ್ತದೆ. ಅಂಚೆಯಲ್ಲಿ ಹಾಕಬೇಡ, ನಿನ್ನ ಕೈಯಾರೆ ಕೊಡು. ಅವರು ಬೈದರೆ ಬೈಗುಳವನ್ನು ಒಂದಕ್ಷರ ಬಿಡದೆ ನನಗೆ ಬರೆ.

ಅಕ್ಕ


ಮಾರ್ಚ್ ೨೮

ಅಕ್ಕ,

ನಿನ್ನ ಕಾಗದ ಓದಿದ ಸಿಟ್ಟಿಗೆ ಎರಡು ದಿನ ಲಕೋಟೆಯನ್ನು ಮುಟ್ಟಲಿಲ್ಲ. ನನ್ನ ವಿಳಾಸ ಕೊಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಿನಗೆ ಕೇಳಿ ಅಭ್ಯಾಸವೇ ಇಲ್ಲ. ಮೂರನೆಯ ದಿನ ಲ್ಯಾಬಿಗೆ ಹೋಗಿ ಫಾರಂ ವಿಷಯ ಹೇಳಿದೆ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ಮೇಲಿನವರು ಬೈಯಲಿಲ್ಲ, ಇನ್ನೊಬ್ಬಳನ್ನು ಕರೆದು ನನ್ನ ಕುರ್ಚಿ ತೋರಿಸಿದರು. ಅದು ಬೈಗುಳಕ್ಕಿಂತ ಜಾಸ್ತಿ ನೋಯಿತು.

ನೀನು ಹೇಳಿದ ಹಾಗೆ ಆಸ್ಪತ್ರೆ, ವಾರ್ಡ್ ವಿಚಾರಿಸಿಟ್ಟಿದ್ದೆ, ಅಲ್ಲಿಂದ ನೇರವಾಗಿ ಹೋದೆ. ಟೀಚರ್ ಮೂರನೇ ಮಹಡಿಯಲ್ಲಿದ್ದಾರೆ. ಆಮ್ಲಜನಕದ ನಳಿಕೆ ಇನ್ನೂ ಮೂಗಿನಲ್ಲಿದೆ, ಆದರೆ ಮಾತಾಡುತ್ತಾರೆ, ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ. ಬಾಕಿ ಇದ್ದ ಎರಡು ಸುತ್ತಿನ ಔಷಧಿಯನ್ನು ಡಾಕ್ಟರು ಮುಂದೂಡಿದ್ದಾರೆ. ಎರಡು ತಿಂಗಳಾದರೂ ಕೊಡುವ ಹಾಗಿಲ್ಲವಂತೆ. ಅಷ್ಟರಲ್ಲಿ ಒಳಗಿನ ಗಂಟು ಸುಮ್ಮನಿರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಅವರ ಕ್ಲಾಸಿನ ಪರೀಕ್ಷೆ ಮುಗಿದುಹೋಗಿದೆ.

ನಾನು ಯಾರು ಅಂತ ಹೇಳಿ ಲಕೋಟೆ ಕೊಟ್ಟೆ. ಉತ್ತರಪತ್ರಿಕೆ ನೋಡುವವರ ಹಾಗೆ ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ನಾನು ನಿಂತೇ ಇದ್ದೆ.

ಮೊದಲು ಅಂದದ್ದು, "ಹಾಗಾದ್ರೆ ನನ್ನಿಂದ ಅಲ್ಲ." ಕಾಗದ ಮಡಿಸಿ ಲಕೋಟೆಯೊಳಗೆ ಹಾಕಿದರು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ. ನೀನು ಕೇಳಿದ ಹಾಗೆ ಉಳಿದದ್ದನ್ನು ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ.

"ನಿಮ್ಮಕ್ಕ ನನ್ನನ್ನ ಎರಡು ಸಲ ಕೇಳಿದ್ರು. ಹುಬ್ಬು ಬರೀಲಾ ಅಂತ ಕೇಳಿದ್ರು, ಹೂಂ ಅಂದೆ. ಮಾಸ್ಕ್ ತೆಗೀರಿ ಅಂದ್ರು, ಅದಕ್ಕೂ ಹೂಂ ಅಂದೆ. ಜ್ವರ ಇದೆ, ನಿಮ್ಮ ಪಕ್ಕ ಕೂತ್ಕೋಬಹುದಾ ಅಂತ ಮಾತ್ರ ಕೇಳ್ಲಿಲ್ಲ. ಅಮ್ಮ ಸಾಯ್ತಿದಾರೆ ಅಂದಿದ್ರೆ ನಾನು ಏನಂತಿದ್ದೆ ಅಂತ ನನಗೂ ಗೊತ್ತಿಲ್ಲ. ಎದ್ದು ಬೇರೆ ಕಡೆ ಹೋಗ್ತಿದ್ದೆನೋ, ಅವರನ್ನ ಇಳಿಸಿ ಅಂತ ಕೂಗ್ತಿದ್ದೆನೋ, ಕೂತ್ಕೊಳ್ಳಿ ಅಂತಲೇ ಅಂತಿದ್ದೆನೋ. ಅದು ನನ್ನ ಉತ್ತರ. ಅದನ್ನ ಅವರೇ ಬರ್ಕೊಂಡ್ರು."

ಅಷ್ಟು ಹೇಳುವುದರಲ್ಲಿ ಮೂರು ಸಲ ಉಸಿರು ತೆಗೆದುಕೊಂಡರು. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದಳು. ನಾನು ನಿನ್ನ ಪರವಾಗಿ ಒಂದು ಮಾತೂ ಆಡಲಿಲ್ಲ ಅಕ್ಕ, ವಿಳಾಸದ ವಿಷಯದಲ್ಲಿ ನಾನು ನಿನಗೆ ಹೇಳಬೇಕಿದ್ದುದೂ ಅದೇ.

ರೈಲಿನಲ್ಲಿ ಬಾ. ನನ್ನ ಹತ್ತಿರ ಈಗ ಬೇಕಾದಷ್ಟು ಸಮಯ ಇದೆ, ಸ್ಟೇಷನ್ನಿಗೆ ಬರುತ್ತೇನೆ. ಆಸ್ಪತ್ರೆಯಲ್ಲಿ ನೋಡಲು ಬಿಡುವುದು ನಾಲ್ಕರಿಂದ ಆರು. ವಾರ್ಡಿನ ಹೊರಗೆ ನಿಂತು, ಒಳಗೆ ಬರಬಹುದಾ ಅಂತ ಅವರನ್ನು ಕೇಳು. ಬೇಡ ಅಂದರೆ ವಾಪಸ್ ಬಂದುಬಿಡು.

ತಂಗಿ